ಮೆಡಿಕೇರ್ ಬರುವವರೆಗೆ

2023ರ ಮಾರ್ಚ್ ಕೊನೆಗೆ ನಾನು ಕೆಲಸ ಬಿಟ್ಟಾಗ ನನಗೆ 57, ಇವರಿಗೆ 60. ಇವರದು ಸ್ವಂತ ಕನ್ಸಲ್ಟಿಂಗ್. ಅಷ್ಟು ವರ್ಷವೂ ಇಬ್ಬರ ಇನ್ಶೂರೆನ್ಸ್ ನನ್ನ ಆಫೀಸಿನಿಂದಲೇ ಬರುತ್ತಿತ್ತು. ಅಮೆರಿಕದಲ್ಲಿ ಸಾಮಾನ್ಯವಾಗಿ 65 ತುಂಬುವವರೆಗೆ ಮೆಡಿಕೇರ್, ಅಂದರೆ ಹಿರಿಯರಿಗಿರುವ ಸರ್ಕಾರಿ ಇನ್ಶೂರೆನ್ಸ್, ಇಲ್ಲ. ಮನೆ ಸಾಲ ತೀರಿತ್ತು, ಕೂತು ಉಣ್ಣುವಷ್ಟು ಉಳಿತಾಯವೂ ಇತ್ತು. ಈ ನಡುವಿನ ಎಂಟು ವರ್ಷದ ಲೆಕ್ಕವನ್ನು ಮಾತ್ರ ನಾವು ಸರಿಯಾಗಿ ಹಾಕಿರಲಿಲ್ಲ.

ಮೊದಲು ಬಂದದ್ದು ಕೋಬ್ರಾ ಪತ್ರ. ಹೆಸರಿಗೆ ತಕ್ಕ ಹಾವೇ. ಹಳೆಯ ಪ್ಲಾನನ್ನೇ 18 ತಿಂಗಳು ಉಳಿಸಿಕೊಳ್ಳಬಹುದು, ಆದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ನಾವೇ ಕಟ್ಟಬೇಕು, ಅದರ ಮೇಲೆ 2% ಖರ್ಚು. ಸಂಬಳದಲ್ಲಿ ತಿಂಗಳಿಗೆ 260 ಡಾಲರ್ ಹಿಡಿಯುತ್ತಿದ್ದರು, ಪತ್ರದಲ್ಲಿದ್ದದ್ದು 1,790. ಇವರು ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಂದು ಸಲ ಓದಿ, "ಇದು ವರ್ಷಕ್ಕೆ ತಾನೇ?" ಅಂದರು.

ಆ ಪತ್ರಕ್ಕೆ ಒಪ್ಪಿಗೆ ಕೊಡಲು 60 ದಿನ ಸಿಗುತ್ತದೆ. ಅಷ್ಟರೊಳಗೆ ಏನಾದರೂ ಹೆಚ್ಚುಕಮ್ಮಿಯಾದರೆ ಹಿಂದಿನ ತಾರೀಖಿನಿಂದಲೇ ಹಣ ಕಟ್ಟಿ ಸೇರಿಕೊಳ್ಳಬಹುದು. ಹಾಗಾಗಿ ಅದನ್ನು ಹರಿಯದೆ ಡ್ರಾಯರಿನಲ್ಲಿಟ್ಟು, ಮಾರ್ಚ್ ಮುಗಿಯುವ ಮೊದಲೇ ಸ್ವಂತವಾಗಿ ಇನ್ಶೂರೆನ್ಸ್ ಕೊಳ್ಳುವವರಿಗಾಗಿ ಸರ್ಕಾರ ನಡೆಸುವ ಮಾರ್ಕೆಟ್‌ಪ್ಲೇಸಿನಲ್ಲಿ ಪ್ಲಾನ್ ಆರಿಸಿದೆವು. ಏಪ್ರಿಲ್ 1ರಿಂದ ಅದು ಶುರುವಾಯಿತು.

ಅಲ್ಲಿ ನಿಮಗಿರುವ ಕಾಯಿಲೆ ನೋಡಿ ಬೆಲೆ ಏರಿಸುವಂತಿಲ್ಲ. ವಯಸ್ಸು ನೋಡುತ್ತಾರೆ, ಅರವತ್ತರ ಆಸುಪಾಸಿನವರಿಗೆ ಇಪ್ಪತ್ತೊಂದರ ಹುಡುಗನ ಮೂರು ಪಟ್ಟಿನವರೆಗೂ ಹೋಗಬಹುದು. ಆದರೆ ಕೊನೆಗೆ ನಮ್ಮ ಜೇಬಿನಿಂದ ಎಷ್ಟು ಹೋಗುತ್ತದೆ ಅನ್ನುವುದು ಆದಾಯದ ಮೇಲೆ, ಅದನ್ನು ನೋಡಿಯೇ ಸರ್ಕಾರ ಪ್ರೀಮಿಯಂಗೆ ಸಬ್ಸಿಡಿ ಕೊಡುತ್ತದೆ. ಇದು ನನ್ನ ತಲೆಗೆ ಹತ್ತಲು ಒಂದೂವರೆ ವರ್ಷ ಬೇಕಾಯಿತು. ಅವರು ಕೇಳುವುದು ಆಸ್ತಿಯನ್ನಲ್ಲ, ಆ ವರ್ಷ ತೆರಿಗೆ ಪತ್ರದಲ್ಲಿ ಕಾಣಿಸಿಕೊಳ್ಳುವ ಆದಾಯವನ್ನು. ಉಳಿತಾಯ ಖಾತೆಯಿಂದ 30,000 ತೆಗೆದರೆ ಆದಾಯ ಸೊನ್ನೆ. ಅದೇ ಹಣವನ್ನು 401ಕೆ ಎಂಬ ನಿವೃತ್ತಿ ಖಾತೆಯಿಂದ ತೆಗೆದರೆ ಪೂರ್ತಿ 30,000 ಆದಾಯ. ಷೇರು ಮಾರಿದರೆ ಲಾಭದ ಭಾಗ ಮಾತ್ರ. ಮನೆ ನಡೆಸಲು ಯಾವ ಡಬ್ಬಿಗೆ ಕೈ ಹಾಕುತ್ತೇವೆ ಅನ್ನುವುದರ ಮೇಲೆ ಪ್ರೀಮಿಯಂ ನಿಂತಿದೆ.

ತಿಳಿದುಕೊಂಡೆ ಅಂದುಕೊಳ್ಳುವಷ್ಟರಲ್ಲಿ 2024ರ ಡಿಸೆಂಬರ್‌ನಲ್ಲಿ ಎಡವಿದೆ. ಸಬ್ಸಿಡಿಗಾಗಿ ಆ ವರ್ಷದ ಅಂದಾಜು ಆದಾಯ 60,000 ಎಂದು ಬರೆದುಕೊಟ್ಟಿದ್ದೆ. ನಾವು ಮುಟ್ಟದೇ ಇದ್ದ ಒಂದು ಮ್ಯೂಚುವಲ್ ಫಂಡ್ ವರ್ಷದ ಕೊನೆಗೆ 14,000 ಡಾಲರ್ ಬಂಡವಾಳ ಲಾಭ ಹಂಚಿತು. ಹಣ ಕೈಗೂ ಬರಲಿಲ್ಲ, ಅಲ್ಲೇ ಮರುಹೂಡಿಕೆಯಾಯಿತು. ಆದಾಯದ ಲೆಕ್ಕಕ್ಕೆ ಮಾತ್ರ ಸೇರಿತು! ತೆರಿಗೆ ಕಟ್ಟುವಾಗ ಸಬ್ಸಿಡಿಯ ಲೆಕ್ಕ ಒಪ್ಪಿಸುವ 8962ನೇ ಫಾರಂ ತುಂಬಿ ಸುಮಾರು 2,200 ಡಾಲರ್ ಸಬ್ಸಿಡಿ ವಾಪಸ್ ಕೊಟ್ಟೆವು. ಇಂಥ ಫಂಡುಗಳು ಎಷ್ಟು ಹಂಚಬಹುದೆಂಬ ಅಂದಾಜನ್ನು ಸಾಮಾನ್ಯವಾಗಿ ಮೊದಲೇ ಹಾಕುತ್ತವೆ. ಈಗ ನವೆಂಬರ್ ಬಂದರೆ ಮೊದಲು ಅದನ್ನೇ ಹುಡುಕುತ್ತೇನೆ.

ಆಗ ಹೋದದ್ದು 2,200. ಈಗ ಅದೇ ತಪ್ಪಾದರೆ ಕಥೆಯೇ ಬೇರೆ. 2021ರಿಂದ ಇದ್ದ ಹೆಚ್ಚುವರಿ ಸಬ್ಸಿಡಿ 2025ರ ಕೊನೆಗೆ ಮುಗಿಯಿತು. ಬಡತನ ರೇಖೆಯ 400% ಮತ್ತೆ ಗಡಿಯಾಗಿದೆ: ಇಬ್ಬರ ಮನೆಗೆ 2026ರಲ್ಲಿ 84,600 ಡಾಲರ್. ಅದರೊಳಗಿದ್ದರೆ ಸಬ್ಸಿಡಿ ಲೆಕ್ಕಕ್ಕೆ ಅಳತೆಗೋಲಾದ ಬೆಂಚ್‌ಮಾರ್ಕ್ ಸಿಲ್ವರ್ ಪ್ಲಾನಿಗೆ ಆದಾಯದ 9.96%ಕ್ಕಿಂತ ಹೆಚ್ಚು ಕೊಡಬೇಕಿಲ್ಲ, ಅಂದರೆ ವರ್ಷಕ್ಕೆ 8,400ರ ಹತ್ತಿರ. ಗಡಿ ದಾಟಿದರೆ ಸಬ್ಸಿಡಿಯೇ ಇಲ್ಲ, ಪಡೆದದ್ದನ್ನೂ ಪೂರ್ತಿ ಹಿಂತಿರುಗಿಸಬೇಕು. ನಮ್ಮ ವಯಸ್ಸಿಗೆ ಆ ಪ್ಲಾನಿನ ಪೂರ್ತಿ ಬೆಲೆ ತಿಂಗಳಿಗೆ 2,300 ಡಾಲರ್. ಕೊನೆಯ ಒಂದು ಡಾಲರಿಗೆ 19,000 ದಂಡ.

ಹಾಗಾಗಿ ಈ ವರ್ಷ ಅದಕ್ಕಿಂತ ಕೆಳಗಿನ ದರ್ಜೆಯ ಬ್ರಾಂಜ್ ಪ್ಲಾನಿಗೆ ಇಳಿದೆವು. ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್ ಕೊಡಲು ಶುರುಮಾಡುವ ಮೊದಲು ನಾವೇ ಕಟ್ಟಬೇಕಾದ ಮೊತ್ತ, ಕೇಳಿದರೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ 2026ರಿಂದ ಮಾರ್ಕೆಟ್‌ಪ್ಲೇಸಿನ ಬ್ರಾಂಜ್ ಪ್ಲಾನುಗಳ ಜೊತೆ ಎಚ್‌ಎಸ್‌ಎ, ಅಂದರೆ ವೈದ್ಯಕೀಯ ಖರ್ಚಿಗೆಂದು ತೆರಿಗೆಯಿಲ್ಲದೆ ಕೂಡಿಡುವ ಖಾತೆ, ತೆರೆಯಬಹುದು. 2026ರಲ್ಲಿ ಕುಟುಂಬಕ್ಕೆ 8,750 ಡಾಲರ್ ಹಾಕಬಹುದು, 55 ದಾಟಿದವರು ತಲಾ ಇನ್ನೂ 1,000, ಅದಕ್ಕೆ ಇಬ್ಬರದೂ ಬೇರೆ ಬೇರೆ ಖಾತೆ ಬೇಕು. ಒಟ್ಟು 10,750 ಆದಾಯದಿಂದ ಕಳೆಯುತ್ತದೆ, ವೈದ್ಯರ ಬಿಲ್ಲಿಗೂ ಆಗುತ್ತದೆ. ಇವರ ವ್ಯವಹಾರದಲ್ಲಿ ಲಾಭವಿರುವುದರಿಂದ ನಾವು ಕಟ್ಟುವ ಪ್ರೀಮಿಯಂ ಅನ್ನೂ ಕಳೆಯಬಹುದು. ಅಲ್ಲೊಂದು ಪೇಚಿದೆ: ಪ್ರೀಮಿಯಂ ಕಳೆದರೆ ಆದಾಯ ಇಳಿಯುತ್ತದೆ, ಆದಾಯ ಇಳಿದರೆ ಸಬ್ಸಿಡಿ ಏರುತ್ತದೆ, ಸಬ್ಸಿಡಿ ಏರಿದರೆ ಕಳೆಯಲು ಪ್ರೀಮಿಯಂ ಕಡಿಮೆಯಾಗುತ್ತದೆ. ಬೀಜ ಮೊದಲೋ ಮರ ಮೊದಲೋ. ಕೈಲಿ ಮಾಡಹೋಗಿ ಒಂದು ಭಾನುವಾರ ಹಾಳಾಯಿತು. ತೆರಿಗೆ ಸಾಫ್ಟ್‌ವೇರಿಗೆ ಬಿಟ್ಟುಬಿಡಿ.

ಪ್ಲಾನ್ ಬದಲಿಸುವಾಗ ಆ ಪ್ಲಾನನ್ನು ಒಪ್ಪಿಕೊಳ್ಳುತ್ತಾರಾ ಎಂದು ಡಾಕ್ಟರರ ಕ್ಲಿನಿಕ್ಕಿಗೇ ಫೋನ್ ಮಾಡಿ ಕೇಳಿ. ವೆಬ್‌ಸೈಟಿನ ಪಟ್ಟಿಯಲ್ಲಿ ನಮ್ಮ ಡಾಕ್ಟರ ಹೆಸರಿತ್ತು, ಅವರು ಆ ನೆಟ್‌ವರ್ಕ್ ಬಿಟ್ಟು ಆರು ತಿಂಗಳಾಗಿತ್ತು.

ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ಪ್ರತಿ ತಿಂಗಳೂ ಒಂದು ಸಾಲು ತುಂಬುತ್ತೇನೆ: ಇವರ ಕನ್ಸಲ್ಟಿಂಗ್ ಬಿಲ್ಲು, ಡಿವಿಡೆಂಡ್, ಬಡ್ಡಿ. ಕೊನೆಯ ಕಾಲಂನಲ್ಲಿ ಗಡಿಗೆ ಇನ್ನೆಷ್ಟು ಉಳಿದಿದೆ ಎಂಬ ಅಂಕಿ. ಮೊನ್ನೆ ಅದು 4,000ಕ್ಕೆ ಬಂದಿತ್ತು. ಅದೇ ಸಂಜೆ ಇವರಿಗೆ ಹಳೆಯ ಗಿರಾಕಿಯಿಂದ ಫೋನ್, 9,000 ಡಾಲರಿನ ಕೆಲಸ. ಫೋನಿಗೆ ಕೈ ಅಡ್ಡ ಹಿಡಿದು, "ಹಿಡೀಲೇನೇ?" ಅಂದರು. ನಾನು ಕಾಲಂ ತೋರಿಸಿದೆ. "ಜನವರಿಯಲ್ಲಿ ಶುರು ಮಾಡಿದರೆ ನಡೆಯುತ್ತಾ?" ಅಂತ ಆ ಕಡೆಯವರನ್ನು ಕೇಳಿದರು. ನಡೆಯುತ್ತಂತೆ.