ರೆವಿಟ್‌ನಲ್ಲಿ ಮನೆಯ ದೀಪಗಳ ಸರ್ಕ್ಯೂಟ್ ಮತ್ತು ಸ್ವಿಚ್‌ಗಳನ್ನು ಮಾಡೆಲ್ ಮಾಡುವ ಕ್ರಮ

ಮನೆಯ ವಿದ್ಯುತ್ ನಕ್ಷೆಯಲ್ಲಿ ಪ್ರತಿಯೊಂದು ದೀಪದ ಬಗ್ಗೆಯೂ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು: ಅದಕ್ಕೆ ವಿದ್ಯುತ್ ಎಲ್ಲಿಂದ ಬರುತ್ತದೆ, ಮತ್ತು ಅದನ್ನು ಹಾಕಿ ಆರಿಸುವ ಸ್ವಿಚ್ ಯಾವುದು. ಕಟ್ಟಡಗಳ ಮೂರು ಆಯಾಮದ ಮಾಡೆಲ್ ಮಾಡುವ ಸಾಫ್ಟ್‌ವೇರ್ ಆದ ರೆವಿಟ್ ಈ ಎರಡನ್ನೂ ಪ್ರತ್ಯೇಕ ವ್ಯವಸ್ಥೆಗಳಾಗಿ ಇಟ್ಟುಕೊಳ್ಳುತ್ತದೆ. ದೀಪವನ್ನು ಪ್ಯಾನೆಲ್‌ಗೆ, ಅಂದರೆ ಬ್ರೇಕರ್‌ಗಳಿರುವ ವಿತರಣಾ ಪೆಟ್ಟಿಗೆಗೆ, ಜೋಡಿಸುವುದು ಪವರ್ ಸರ್ಕ್ಯೂಟ್. ಅದೇ ದೀಪವನ್ನು ಸ್ವಿಚ್‌ಗೆ ಜೋಡಿಸುವುದು ಸ್ವಿಚ್ ಸಿಸ್ಟಮ್. ಹಾಲ್, ಊಟದ ಕೋಣೆ ಮತ್ತು ಪ್ಯಾಸೇಜ್‌ಗಳ ದೀಪಗಳೆಲ್ಲ ಒಂದೇ ಸರ್ಕ್ಯೂಟ್‌ನಲ್ಲಿದ್ದರೂ ಅವುಗಳ ಸ್ವಿಚ್‌ಗಳು ಬೇರೆ ಬೇರೆಯಾಗಿರುವುದರಿಂದ, ಒಂದನ್ನು ನೋಡಿ ಇನ್ನೊಂದನ್ನು ಊಹಿಸಲು ಸಾಫ್ಟ್‌ವೇರ್‌ಗೆ ಸಾಧ್ಯವಿಲ್ಲ. ಎರಡನ್ನೂ ನಾವೇ ಹೇಳಬೇಕು. ಈ ಕೆಲಸದಲ್ಲಿ ಎದುರಾಗುವ ಗೊಂದಲಗಳಲ್ಲಿ ಹೆಚ್ಚಿನವು ಇವೆರಡನ್ನು ಒಂದೇ ಎಂದು ಭಾವಿಸುವುದರಿಂದ ಹುಟ್ಟುತ್ತವೆ.

ದೀಪಗಳನ್ನು ಇಡುವ ಮೊದಲೇ ಎಲೆಕ್ಟ್ರಿಕಲ್ ಸೆಟ್ಟಿಂಗ್ಸ್ ತೆರೆದು ವೋಲ್ಟೇಜ್ ಮತ್ತು ಡಿಸ್ಟ್ರಿಬ್ಯೂಷನ್ ಸಿಸ್ಟಮ್‌ಗಳನ್ನು (ಪೂರೈಕೆಯ ಫೇಸ್ ಮತ್ತು ವೋಲ್ಟೇಜ್‌ಗಳ ವಿವರ) ನೋಡಿಕೊಳ್ಳಬೇಕು. 230 ವೋಲ್ಟ್ ಪೂರೈಕೆಯ ಮನೆಯನ್ನು 120 ವೋಲ್ಟ್‌ಗೆ ಸಿದ್ಧಪಡಿಸಿದ ಟೆಂಪ್ಲೇಟ್‌ನಲ್ಲಿ ಆರಂಭಿಸಿದರೆ ಮುಂದೆ ಯಾವ ಹೆಜ್ಜೆಯೂ ಸರಿಯಾಗಿ ಬೀಳುವುದಿಲ್ಲ. ಪ್ಯಾನೆಲ್ ಇಟ್ಟ ಕೂಡಲೇ ಅದನ್ನು ಆಯ್ಕೆ ಮಾಡಿ, ಮೇಲಿನ ಆಪ್ಷನ್ಸ್ ಬಾರ್‌ನಲ್ಲಿ ಅದರ ಡಿಸ್ಟ್ರಿಬ್ಯೂಷನ್ ಸಿಸ್ಟಮ್ ನಿಗದಿಪಡಿಸಿ, ಅದಕ್ಕೊಂದು ಹೆಸರು ಕೊಡಬೇಕು. ಸರ್ಕ್ಯೂಟ್ ರಚಿಸಿದ ಮೇಲೆ ಪ್ಯಾನೆಲ್‌ಗಳ ಪಟ್ಟಿ ಖಾಲಿ ಬಂದರೆ ಮೊದಲು ಪರಿಶೀಲಿಸಬೇಕಾದದ್ದು ಇದನ್ನೇ: ಪ್ಯಾನೆಲ್‌ಗೆ ಡಿಸ್ಟ್ರಿಬ್ಯೂಷನ್ ಸಿಸ್ಟಮ್ ಕೊಟ್ಟಿಲ್ಲ, ಇಲ್ಲವೇ ದೀಪದ ಕನೆಕ್ಟರ್‌ನ (ದೀಪವು ಸರ್ಕ್ಯೂಟ್‌ಗೆ ಸೇರುವ ಬಿಂದು) ವೋಲ್ಟೇಜ್ ಅಥವಾ ಪೋಲ್‌ಗಳ ಸಂಖ್ಯೆ ಪ್ಯಾನೆಲ್‌ಗೆ ಹೊಂದುತ್ತಿಲ್ಲ.

ಫ್ಯಾಮಿಲಿಗಳ, ಅಂದರೆ ದೀಪ, ಸ್ವಿಚ್‌ನಂಥ ವಸ್ತುಗಳ ಸಿದ್ಧ ಮಾದರಿಗಳ, ಆಯ್ಕೆಯಲ್ಲಿ ತಾಳ್ಮೆ ಬೇಕು. ವಾಸ್ತುಶಿಲ್ಪಿಯ ಮಾಡೆಲ್ ಲಿಂಕ್ ಆಗಿ (ನಮ್ಮ ಫೈಲ್‌ಗೆ ಹೊರಗಿನಿಂದ ಜೋಡಿಸಿದ ಬೇರೆ ಫೈಲ್ ಆಗಿ) ಬಂದಿದ್ದರೆ, ಗೋಡೆಗೇ ಅಂಟಿಕೊಳ್ಳುವ ವಾಲ್-ಹೋಸ್ಟೆಡ್ ಫ್ಯಾಮಿಲಿಗಳು ಲಿಂಕ್‌ನೊಳಗಿನ ಗೋಡೆಯ ಮೇಲೆ ಕೂರುವುದಿಲ್ಲ; ಆದ್ದರಿಂದ ಸ್ವಿಚ್ ಮತ್ತು ದೀಪ ಎರಡಕ್ಕೂ ಯಾವುದೇ ಮೇಲ್ಮೈಗೆ ಅಂಟುವ ಫೇಸ್-ಬೇಸ್ಡ್ ಫ್ಯಾಮಿಲಿಗಳನ್ನು ಬಳಸುವುದು ಕ್ಷೇಮ. ದೀಪದ ಫ್ಯಾಮಿಲಿಯಲ್ಲಿ ಎಲೆಕ್ಟ್ರಿಕಲ್ ಕನೆಕ್ಟರ್ ಇರಲೇಬೇಕು. ನೋಡಲು ಅಂದವಾಗಿರುವ ಎಷ್ಟೋ ಅಲಂಕಾರಿಕ ದೀಪಗಳ ಫ್ಯಾಮಿಲಿಗಳಲ್ಲಿ ಕನೆಕ್ಟರೇ ಇರುವುದಿಲ್ಲ, ಅವು ಯಾವ ಸರ್ಕ್ಯೂಟ್‌ಗೂ ಸೇರುವುದಿಲ್ಲ. ಕನೆಕ್ಟರ್ ಇದ್ದರೂ ಅದರ ಅಪರೆಂಟ್ ಲೋಡ್ ಅನ್ನು (ವೋಲ್ಟ್-ಆಂಪಿಯರ್, ಅಂದರೆ ವಿಎಯಲ್ಲಿ ಹೇಳುವ ಹೊರೆ) ತೆರೆದು ನೋಡಬೇಕು, ಏಕೆಂದರೆ ಸರ್ಕ್ಯೂಟ್‌ನ ಲೆಕ್ಕಕ್ಕೆ ಬರುವುದು ಆ ಸಂಖ್ಯೆಯೇ ಹೊರತು ಮಾಹಿತಿಗಾಗಿ ಬರೆದಿಟ್ಟ ವ್ಯಾಟೇಜ್ ಅಲ್ಲ. ಹಳೆಯ ಬಲ್ಬ್‌ಗಾಗಿ ತುಂಬಿದ 100 ವಿಎ ಹಾಗೆಯೇ ಉಳಿದು, ದೀಪದ ಹೆಸರು ಮಾತ್ರ ಎಲ್‌ಇಡಿ ಎಂದು ಬದಲಾಗಿದ್ದರೆ ಪ್ಯಾನೆಲ್ ಶೆಡ್ಯೂಲ್ (ಪ್ಯಾನೆಲ್‌ನ ಸರ್ಕ್ಯೂಟ್ ಮತ್ತು ಹೊರೆಗಳ ಪಟ್ಟಿ) ಪೂರ್ತಿ ದಾರಿ ತಪ್ಪುತ್ತದೆ.

ಕೆಲಸ ಮಾಡುವ ವ್ಯೂ ಯಾವುದೆಂಬುದೂ ಮುಖ್ಯ. ಫ್ಲೋರ್ ಪ್ಲ್ಯಾನ್‌ನಲ್ಲಿ ಸ್ವಿಚ್ ಕಾಣುತ್ತದೆ, ಕಟ್ ಪ್ಲೇನ್‌ಗಿಂತ (ನಕ್ಷೆಗಾಗಿ ಕಟ್ಟಡವನ್ನು ಅಡ್ಡವಾಗಿ ಕತ್ತರಿಸುವ ಕಾಲ್ಪನಿಕ ಮಟ್ಟ) ಮೇಲಿರುವ ಸೀಲಿಂಗ್ ದೀಪ ಸಾಮಾನ್ಯವಾಗಿ ಕಾಣುವುದಿಲ್ಲ. ಆ ಮಟ್ಟದಿಂದ ಮೇಲಕ್ಕೆ ನೋಡುವ ಸೀಲಿಂಗ್ ಪ್ಲ್ಯಾನ್‌ನಲ್ಲಿ ದೀಪ ಕಾಣುತ್ತದೆ, ಸ್ವಿಚ್ ಕಾಣುವುದಿಲ್ಲ. ದೀಪದ ನಕ್ಷೆಗೆಂದೇ ಒಂದು ಸೀಲಿಂಗ್ ಪ್ಲ್ಯಾನ್ ಮಾಡಿಕೊಂಡು, ಅದರ ವ್ಯೂ ರೇಂಜ್‌ನಲ್ಲಿ ಕಟ್ ಪ್ಲೇನ್ ಅನ್ನು ಸ್ವಿಚ್‌ಗಳ ಎತ್ತರಕ್ಕಿಂತ ಕೆಳಗೆ ತಂದರೆ ಎರಡೂ ಒಟ್ಟಿಗೆ ಕಾಣುತ್ತವೆ. ಸ್ವಿಚ್‌ಗಳು 1200 ಮಿಲಿಮೀಟರ್ ಎತ್ತರದಲ್ಲಿದ್ದರೆ ಕಟ್ ಪ್ಲೇನ್ 1000ಕ್ಕೆ ಇಟ್ಟರೆ ಸಾಕು. ಹೀಗೆ ಮಾಡಿದಾಗ ಬಾಗಿಲುಗಳು ಕೂಡ ನಕ್ಷೆಯಲ್ಲಿ ಬರುವುದು ನನ್ನ ಮಟ್ಟಿಗೆ ದೊಡ್ಡ ಅನುಕೂಲ, ಏಕೆಂದರೆ ಸ್ವಿಚ್‌ನ ಜಾಗವನ್ನು ನಿರ್ಧರಿಸುವುದೇ ಬಾಗಿಲು. ತೆರೆದ ಬಾಗಿಲಿನ ಹಿಂದೆ ಸ್ವಿಚ್ ಅಡಗಬಾರದು. ಹಿಡಿಕೆಯ ಕಡೆಯ ಗೋಡೆಯಲ್ಲಿ, ಒಳಗೆ ಕಾಲಿಟ್ಟವರ ಕೈಗೆ ತಕ್ಷಣ ಸಿಗುವಂತೆ ಇರಬೇಕು.

ಈಗ ಸರ್ಕ್ಯೂಟ್. ಹಾಲ್‌ನಲ್ಲಿ 12 ವಿಎಯ ಆರು ಡೌನ್‌ಲೈಟ್, ಊಟದ ಮೇಜಿನ ಮೇಲೆ 20 ವಿಎಯ ಒಂದು ತೂಗುದೀಪ, ಪ್ಯಾಸೇಜ್‌ನಲ್ಲಿ 9 ವಿಎಯ ಎರಡು ದೀಪಗಳಿವೆ ಎಂದುಕೊಳ್ಳೋಣ. ಈ ಒಂಬತ್ತನ್ನೂ ಒಟ್ಟಿಗೆ ಆಯ್ಕೆ ಮಾಡಿ, ಕ್ರಿಯೇಟ್ ಸಿಸ್ಟಮ್ಸ್ ವಿಭಾಗದಲ್ಲಿ ಪವರ್ ಒತ್ತಿ, ಪ್ಯಾನೆಲ್ ಆರಿಸಬೇಕು. ಒಟ್ಟು ಹೊರೆ 110 ವಿಎ; 230 ವೋಲ್ಟ್‌ನಲ್ಲಿ ಅದು ಸುಮಾರು 0.48 ಆಂಪಿಯರ್. ಸರ್ಕ್ಯೂಟ್‌ನ ಪ್ರಾಪರ್ಟಿಗಳಲ್ಲಿ ಇದೇ ಅಂಕಿ ಬಂದಿದೆಯೇ ಎಂದು ಒಮ್ಮೆ ಕೈಲೆಕ್ಕ ಹಾಕಿ ನೋಡಿದರೆ ಫ್ಯಾಮಿಲಿಯೊಳಗಿನ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಹೊರೆ ಇಷ್ಟು ಕಡಿಮೆ ಇದೆಯೆಂದು ಇಡೀ ಮನೆಯ ದೀಪಗಳನ್ನು ಒಂದೇ ಸರ್ಕ್ಯೂಟ್‌ಗೆ ಹಾಕುವುದು ಸರಿಯಲ್ಲ. ಒಂದು ಬ್ರೇಕರ್ ಟ್ರಿಪ್ ಆದರೆ ಮನೆಯೆಲ್ಲ ಕತ್ತಲಾಗದಂತೆ ಕನಿಷ್ಠ ಎರಡಾಗಿ ಹಂಚಬೇಕು. ಬ್ರೇಕರ್‌ನ ರೇಟಿಂಗ್ ಮತ್ತು ತಂತಿಯ ಗಾತ್ರವನ್ನು ಕಟ್ಟಡವಿರುವ ಪ್ರದೇಶದ ನಿಯಮದಂತೆ ತುಂಬಬೇಕು.

ಸ್ವಿಚ್ ಸಿಸ್ಟಮ್ ಇದಾದ ನಂತರದ ಕೆಲಸ. ಹಾಲ್‌ನ ಆರು ಡೌನ್‌ಲೈಟ್‌ಗಳಲ್ಲಿ ನಾಲ್ಕು ಒಂದು ಸ್ವಿಚ್‌ಗೆ, ಕಿಟಕಿಯ ಬಳಿಯ ಎರಡು ಇನ್ನೊಂದಕ್ಕೆ ಸೇರಬೇಕಿದ್ದರೆ, ಮೊದಲು ಆ ನಾಲ್ಕನ್ನು ಆಯ್ಕೆ ಮಾಡಿ ಕ್ರಿಯೇಟ್ ಸಿಸ್ಟಮ್ಸ್‌ನಲ್ಲಿಯೇ ಇರುವ ಸ್ವಿಚ್ ಒತ್ತಬೇಕು, ನಂತರ ಸೆಲೆಕ್ಟ್ ಸ್ವಿಚ್ ಮೂಲಕ ಗೋಡೆಯ ಸ್ವಿಚ್ ತೋರಿಸಬೇಕು. ಆ ಸ್ವಿಚ್‌ನ ಪ್ರಾಪರ್ಟಿಗಳಲ್ಲಿ ಸ್ವಿಚ್ ಐಡಿಗೆ ಒಂದು ಅಕ್ಷರ ಕೊಟ್ಟರೆ, ಸ್ವಿಚ್ ಮತ್ತು ದೀಪಗಳ ಟ್ಯಾಗ್‌ನಲ್ಲಿ ಅದೇ ಅಕ್ಷರ ತೋರಿಸಿ ನಕ್ಷೆಯನ್ನು ಓದುವವರಿಗೆ ದಾರಿ ಮಾಡಿಕೊಡಬಹುದು. ಒಂದೇ ಬೋರ್ಡ್‌ನಲ್ಲಿ ಮೂರು ಸ್ವಿಚ್‌ಗಳಿದ್ದರೆ ಅದನ್ನು ಒಂದೇ ಎಲಿಮೆಂಟ್ ಆಗಿ ಇಡುವ ಆಸೆ ಸಹಜ. ಆದರೆ ಒಂದು ಎಲಿಮೆಂಟ್‌ಗೆ ಒಂದೇ ಸ್ವಿಚ್ ಐಡಿ ಇರುವುದರಿಂದ ಮೂರನ್ನೂ ಬಿಡಿಬಿಡಿಯಾಗಿ ಇಡುವುದೇ ಸರಿ. ಆಗ ನಕ್ಷೆಯಲ್ಲಿ ಚಿಹ್ನೆಗಳು ಒಂದರ ಮೇಲೊಂದು ಬೀಳುತ್ತವೆ. ನಿಜವಾದ ಸ್ವಿಚ್ ಅಲುಗದೆ ಚಿಹ್ನೆಯನ್ನಷ್ಟೇ ಪಕ್ಕಕ್ಕೆ ಸರಿಸುವ ಪ್ಯಾರಾಮೀಟರ್ ಇರುವ ಫ್ಯಾಮಿಲಿಯನ್ನು ಒಮ್ಮೆ ಮಾಡಿಟ್ಟುಕೊಂಡರೆ ಪ್ರತಿ ಯೋಜನೆಯಲ್ಲೂ ಉಪಯೋಗಕ್ಕೆ ಬರುತ್ತದೆ.

ಮೆಟ್ಟಿಲಿನ ದೀಪ ಇಲ್ಲಿನ ಕಠಿಣ ಭಾಗ. ಒಂದೇ ದೀಪವನ್ನು ಎರಡೂ ಕಡೆಯಿಂದ ಹಾಕಿ ಆರಿಸಲು ಕೆಳಗೊಂದು, ಮೇಲೊಂದು ಟೂ-ವೇ ಸ್ವಿಚ್ ಬೇಕು, ಆದರೆ ರೆವಿಟ್‌ನ ಒಂದು ಸ್ವಿಚ್ ಸಿಸ್ಟಮ್ ಒಂದೇ ಸ್ವಿಚ್ ಅನ್ನು ಒಪ್ಪಿಕೊಳ್ಳುತ್ತದೆ. ಆದ್ದರಿಂದ ಒಂದನ್ನು ಸಿಸ್ಟಮ್‌ಗೆ ಸೇರಿಸಿ, ಇನ್ನೊಂದಕ್ಕೆ ಅದೇ ಸ್ವಿಚ್ ಐಡಿಯನ್ನು ಕೈಯಿಂದ ಬರೆದು, ಎರಡಕ್ಕೂ ಟೂ-ವೇ ಚಿಹ್ನೆ ಇರುವ ಟೈಪ್ ಕೊಡಬೇಕು. ಉತ್ತರ ಅಮೆರಿಕದ ಲೈಬ್ರರಿಗಳಲ್ಲಿ ಇದೇ ಟೈಪ್ ತ್ರೀ ವೇ ಎಂಬ ಹೆಸರಿನಲ್ಲಿ ಸಿಗುತ್ತದೆ. ಎರಡನೆಯ ಸ್ವಿಚ್‌ನ ನಂಟು ಅಕ್ಷರದಲ್ಲಿ ಮಾತ್ರ ಇರುವುದರಿಂದ, ಮೊದಲನೆಯದರ ಐಡಿ ಬದಲಿಸಿದಾಗ ಇದನ್ನೂ ಬದಲಿಸಬೇಕು.

ವೈರ್‌ಗಳನ್ನು ಕೊನೆಗೆ ಎಳೆದರೆ ಸಾಕು. ಅವು ಎಳೆದ ವ್ಯೂನಲ್ಲಷ್ಟೇ ಕಾಣುವ ಗೆರೆಗಳು. ಕೇಬಲ್‌ನ ಉದ್ದ ಬೇಕಾದರೆ ಸರ್ಕ್ಯೂಟ್ ಆಯ್ಕೆ ಮಾಡಿ ಎಡಿಟ್ ಪಾತ್ ತೆರೆದು ಅಲ್ಲಿನ ಹಾದಿಯನ್ನು ನೋಡಬೇಕು.

ತಪಾಸಣೆಗೆ ಲೈಟಿಂಗ್ ಫಿಕ್ಸ್ಚರ್‌ಗಳ ಒಂದು ಶೆಡ್ಯೂಲ್ ಮಾಡಿ, ಅದರಲ್ಲಿ ಪ್ಯಾನೆಲ್, ಸರ್ಕ್ಯೂಟ್ ನಂಬರ್ ಮತ್ತು ಸ್ವಿಚ್ ಐಡಿ ಕಾಲಂಗಳನ್ನು ಇಡಬೇಕು. ಖಾಲಿ ಉಳಿದ ಪ್ರತಿ ಕೋಶವೂ ಬಿಟ್ಟುಹೋದ ಒಂದು ಸಂಪರ್ಕ. ಎಫ್9 ಒತ್ತಿದರೆ ತೆರೆಯುವ ಸಿಸ್ಟಮ್ ಬ್ರೌಸರ್‌ನಲ್ಲಿಯೂ ಯಾವ ಸರ್ಕ್ಯೂಟ್‌ಗೂ ಸೇರದ ದೀಪಗಳು ಬೇರೆಯಾಗಿ ಕಾಣುತ್ತವೆ. ವಾಸ್ತುಶಿಲ್ಪಿಯಿಂದ ಹೊಸ ಮಾಡೆಲ್ ಬಂದಾಗಲೆಲ್ಲ ಇವೆರಡರ ಜೊತೆಗೆ ಬಾಗಿಲುಗಳು ತೆರೆಯುವ ದಿಕ್ಕನ್ನೂ ಮತ್ತೊಮ್ಮೆ ನೋಡಬೇಕು. ಬಾಗಿಲಿನ ದಿಕ್ಕು ತಿರುಗಿ ಸ್ವಿಚ್ ಅದರ ಹಿಂದೆ ಸಿಕ್ಕಿಕೊಂಡಿರುವುದನ್ನು ಯಾವ ಶೆಡ್ಯೂಲ್ ಕೂಡ ತೋರಿಸುವುದಿಲ್ಲ.