ಕ್ರಿಯಾಟಿನಿನ್ ಕಿಟ್ ವಾಪಸ್ ಕರೆದಾಗ ನಾನು ಮಾಡಿದ್ದು

ಬೆಳಗ್ಗೆ ನಮ್ಮ ಲ್ಯಾಬಿಗೆ ಕಿಟ್ ಕಂಪನಿಯಿಂದ ಮೇಲ್ ಬಂತು, ಈ ಲಾಟ್ (ಒಟ್ಟಿಗೆ ತಯಾರಾದ ಕಂತು) ನಂಬರಿನ ಕ್ರಿಯಾಟಿನಿನ್ ರೀಏಜೆಂಟ್, ಅಂದ್ರೆ ಕಿಡ್ನಿ ಟೆಸ್ಟ್ ಮಾಡೋ ದ್ರಾವಣ, ತಕ್ಷಣ ನಿಲ್ಸಿ, ರಿಸಲ್ಟ್ ಇರೋದಕ್ಕಿಂತ ಜಾಸ್ತಿ ಬರ್ತಿದೆ ಅಂತ. ಫ್ರಿಜ್ ತೆಗೆದು ನೋಡಿದ್ರೆ ಅದೇ ಲಾಟು, ಒಂಬತ್ತು ದಿನದಿಂದ ಮಷಿನ್‌ನಲ್ಲಿ ಓಡ್ತಿದೆ. ಕೈಕಾಲು ತಣ್ಣಗಾಯ್ತು.

ದಿನಾ ಬೆಳಗ್ಗೆ ಕಂಟ್ರೋಲ್ (ಉತ್ತರ ಮೊದಲೇ ಗೊತ್ತಿರೋ ಸ್ಯಾಂಪಲ್) ಹಾಕ್ತಿದ್ದೆ, ಎರಡೂ ಲೆವೆಲ್ 2 ಎಸ್‌ಡಿ ಒಳಗೇ, ಅಂದ್ರೆ ಒಪ್ಪೋ ಮಿತಿಯೊಳಗೇ ಬರ್ತಿತ್ತು, ಅದಕ್ಕೇ ಅನುಮಾನ ಬರ್ಲಿಲ್ಲ. ಆದ್ರೆ ಕಂಟ್ರೋಲ್ ಅನ್ನೋದು ಸಂಸ್ಕರಿಸಿ ಒಣಗಿಸಿದ ಸೀರಮ್ಮು, ಅದು ನಡ್ಕೊಳ್ಳೋ ಹಾಗೇ ರೋಗಿಯ ಸೀರಮ್ ನಡ್ಕೊಳ್ಳುತ್ತೆ ಅಂತ ಇಲ್ಲ. ನಮ್ಮದು ಜಾಫೆ ವಿಧಾನ, ಪಿಕ್ರಿಕ್ ಆಸಿಡ್ ಜೊತೆ ಕಿತ್ತಳೆ ಬಣ್ಣ ಬರೋದು, ಸಕ್ಕರೆ ಕೀಟೋನ್ ಎಲ್ಲಾನೂ ಅದರಲ್ಲಿ ಸ್ವಲ್ಪ ಬಣ್ಣ ಕೊಡ್ತವೆ, ಹಾಗಾಗಿ ಇಲ್ಲಿ ಇನ್ನೂ ಹುಷಾರಾಗಿರ್ಬೇಕಿತ್ತು. ಸುಳಿವು ಕಣ್ಣೆದುರೇ ಇತ್ತು. ಕಿಡ್ನಿ ಕೆಟ್ರೆ ಸಾಮಾನ್ಯವಾಗಿ ಯೂರಿಯಾ, ಕ್ರಿಯಾಟಿನಿನ್ ಎರಡೂ ಏರುತ್ತೆ; ಇಲ್ಲಿ ಯೂರಿಯಾ ನಾರ್ಮಲ್ 24, ಕ್ರಿಯಾಟಿನಿನ್ ಮಾತ್ರ ಜಾಸ್ತಿ, 1.4, ಇಂಥ ರಿಪೋರ್ಟ್ ಒಂದೇ ವಾರದಲ್ಲಿ ಎಷ್ಟೊಂದು ಹೋಗಿದ್ವು.

ಮೊದಲು ಬಾಟಲಿಗಳನ್ನ ತೆಗೆದು ಬೇರೆ ಡಬ್ಬಕ್ಕೆ ಹಾಕಿ, ಕೆಂಪು ಟೇಪ್ ಸುತ್ತಿ 'ಬಳಸಬೇಡಿ' ಅಂತ ಬರೆದೆ. ಎಸೀಲಿಲ್ಲ, ಕಂಪನಿಗೆ ಲೆಕ್ಕ ಕೊಡ್ಬೇಕಲ್ಲ. ಆಮೇಲೆ ರೀಏಜೆಂಟ್ ರಿಜಿಸ್ಟರ್ ನೋಡಿ ಆ ಲಾಟ್ ಯಾವತ್ತು, ಯಾವ ಹೊತ್ತಿಗೆ ಮಷಿನ್‌ಗೆ ಹಾಕಿದ್ದು ಅಂತ ಹುಡುಕಿ, ಅಲ್ಲಿಂದ ಮುಂದಿನ ಹೆಸರೆಲ್ಲ ಸಾಫ್ಟ್‌ವೇರಿಂದ ತೆಗೆದೆ. 137 ಜನ.

ಐದು ದಿನದ ಸೀರಮ್ ಫ್ರಿಜ್ಜಲ್ಲಿತ್ತು. 2ರಿಂದ 8 ಡಿಗ್ರೀಲಿ ಕ್ರಿಯಾಟಿನಿನ್ ಒಂದು ವಾರ ಕೆಡಲ್ಲ, ಅದನ್ನೆಲ್ಲ ಇಂಥ ಅಡ್ಡಿ ಕಡಿಮೆ ಇರೋ ಎನ್ಜೈಮ್ ವಿಧಾನದ ಜಿಲ್ಲಾ ಕೇಂದ್ರದ ಲ್ಯಾಬಿಗೆ ಐಸ್ ಬಾಕ್ಸಲ್ಲಿ ಕಳಿಸ್ದೆ. ಉಳಿದವರಿಗೆ ಫೋನ್ ಮಾಡಿ ದುಡ್ಡಿಲ್ದೆ ಮತ್ತೆ ರಕ್ತ ತಗೊಳ್ಳೋದು ಅಂತ ತೀರ್ಮಾನ. ಆದ್ರೆ ಮೊದಲ ಫೋನು ಡಾಕ್ಟರುಗಳಿಗೆ, ಯಾಕಂದ್ರೆ ಔಷಧಿ ಬದಲಾಗಿರೋದು ಅಲ್ಲಿ.

ಒಬ್ಬರು 52 ವರ್ಷದ ಅಮ್ಮ, ಶುಗರ್ ಇದೆ, ನಾವು ಕೊಟ್ಟಿದ್ದು 1.4. ಸಿಕೆಡಿ-ಇಪಿಐ 2021 ಅನ್ನೋ ಸೂತ್ರದ ಲೆಕ್ಕದಲ್ಲಿ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತೆ ಅನ್ನೋ ಅಂದಾಜು, ಕಡಿಮೆ ಆದಷ್ಟೂ ಕೆಟ್ಟದ್ದು) 45, ಡಾಕ್ಟರು ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಅರ್ಧ ಮಾಡಿದ್ರು. ಮರುಪರೀಕ್ಷೆಲಿ 1.0, ಅಂದ್ರೆ ಇಜಿಎಫ್‌ಆರ್ 68. ಬರೀ 0.4ರ ತಪ್ಪಿಗೆ ಇಷ್ಟು ವ್ಯತ್ಯಾಸ! ಫೋನ್ ಮಾಡಿ "ಅಮ್ಮ, ನಮ್ಮ ರಿಪೋರ್ಟಲ್ಲಿ ತಪ್ಪಾಗಿದೆ, ನಿಮ್ಮ ಕಿಡ್ನಿಗೇನೂ ಆಗಿಲ್ಲ, ಮಾತ್ರೆ ವಿಷ್ಯ ಡಾಕ್ಟರೇ ಹೇಳ್ತಾರೆ" ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ "ಕಿಡ್ನಿಗೆ ಆಗಲ್ಲ ಅಂತ ಒಂದ್ ವಾರದಿಂದ ಮನೇಲಿ ಬೇಳೆನೇ ಬೇಯ್ಸಿಲ್ಲಪ್ಪ, ಮಗಳು ಅಳ್ತಾ ಕೂತಿದ್ಲು" ಅಂದ್ರು. ಕ್ಷಮೆ ಕೇಳಿದೆ, ಬೇರೇನು ಹೇಳೋದು.

ತಿದ್ದಿದ ರಿಪೋರ್ಟಲ್ಲಿ ಹಳೇ ಸಂಖ್ಯೆ, ಹೊಸ ಸಂಖ್ಯೆ ಎರಡೂ ಕಾಣೋ ಹಾಗೆ ಕೊಟ್ಟೆ, ಹಳೇದನ್ನ ಅಳಿಸಬಾರ್ದು. ಘಾಜಿಯಾಬಾದಿನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ನೋಡ್ಕೊಳ್ಳೋ ಮಟೀರಿಯೋವಿಜಿಲೆನ್ಸ್ (ವೈದ್ಯಕೀಯ ಸಾಧನ, ಕಿಟ್‌ಗಳ ತೊಂದರೆ ದಾಖಲಿಸೋ) ಕಾರ್ಯಕ್ರಮಕ್ಕೂ ವರದಿ ಹಾಕಿದೆ. ಇದು 2015ರಿಂದ ಇದೆ, ಎಷ್ಟೋ ಸಣ್ಣ ಲ್ಯಾಬಿನವರು ಉಪಯೋಗಿಸೋದೇ ಇಲ್ಲ, ದಯವಿಟ್ಟು ಹಾಕಿ.

ನನ್ನ ತಪ್ಪೂ ಇದೆ. ಹೊಸ ಲಾಟ್ ಬಂದಾಗ ಕಂಟ್ರೋಲ್ ಮಾತ್ರ ಹಾಕಿ ಶುರು ಮಾಡಿದ್ದೆ. ಈಗ ಹಳೇ ಲಾಟ್ ಮುಗಿಯೋಕೆ ಮುಂಚೆನೇ 20 ರೋಗಿಗಳ ಸೀರಮ್, 0.6ರಿಂದ ಹಿಡಿದು ಡಯಾಲಿಸಿಸ್‌ನವರ 8ರವರೆಗೆ, ಎರಡೂ ಲಾಟಲ್ಲಿ ಒಟ್ಟಿಗೆ ಓಡಿಸಿ ಪಕ್ಕಪಕ್ಕ ಬರೀತೀನಿ. 20 ಟೆಸ್ಟಿನ ಖರ್ಚು ದಂಡ ಅಲ್ವಾ ಅಂತ ಓನರ್ ಕೇಳಿದ್ರು, 137 ಹೆಸರಿನ ಆ ಲಿಸ್ಟ್ ಅವರ ಟೇಬಲ್ ಮೇಲಿಟ್ಟೆ.