ಅವಳು ಕೇಳಲೇ ಇಲ್ಲವಲ್ಲ!

ನಾನು ಶಿಡ್ಲಘಟ್ಟದವಳು. ಒಂದು ವಾರಪತ್ರಿಕೆಗೆ 26 ಕಂತುಗಳ ಪ್ರೇಮಕಥೆ ಬರೆದೆ. 24 ಕಂತಿನವರೆಗೂ ಖುಷಿಯಿಂದ ಓದಿದ ಜನ ಕೊನೆಯ ಎರಡು ಕಂತಿಗೆ ತುಂಬಾ ಬೇಜಾರು ಮಾಡಿಕೊಂಡರು. ಆ ಬೇಜಾರು ಸರಿಯಾಗಿಯೇ ಇತ್ತು.

ಕಥೆ ನಮ್ಮೂರಿನದೇ. ಹುಡುಗಿ ರೀಲರ್ ಮಗಳು, ಅಂದರೆ ರೇಷ್ಮೆ ಗೂಡಿನಿಂದ ನೂಲು ತೆಗೆಯುವವರ ಮನೆಯವಳು. ಹುಡುಗ ಚಿಂತಾಮಣಿ ಕಡೆಯ ಹಳ್ಳಿಯವನು, ರೇಷ್ಮೆ ಹುಳ ಮೇಯಿಸುವ ಮನೆ. ಗೂಡಿನ ಮಾರುಕಟ್ಟೆಯಲ್ಲಿ ಪರಿಚಯ. ಮನೆಯ ಸಾಲಕ್ಕೆ ಹೆದರಿ ಅವನು ಬೇರೆ ಸಂಬಂಧಕ್ಕೆ ಒಪ್ಪಿಕೊಳ್ಳುತ್ತಾನೆ, ಅವಳಿಗೆ ಹೇಳುವುದಿಲ್ಲ. 17ನೇ ಕಂತಿನಲ್ಲಿ ಅವಳಿಗೆ ಬೇರೆಯವರಿಂದ ಗೊತ್ತಾಗುತ್ತದೆ. ಅಲ್ಲಿಂದ ಏಳು ಕಂತು ಅವಳು ಅವನ ಜೊತೆ ಮಾತೇ ಆಡುವುದಿಲ್ಲ.

ಆಮೇಲೆ ನಾನೇನು ಮಾಡಿದೆ? 25ನೇ ಕಂತಿನಲ್ಲಿ ಅವನಿಗೆ ಬೈಕ್ ಅಪಘಾತ. 26ರಲ್ಲಿ ಆಸ್ಪತ್ರೆ, ಅವಳ ಅಳು, ಅಪ್ಪನ ಒಪ್ಪಿಗೆ, ತಾಳಿ. ಮುಗೀತು.

ನಮ್ಮ ದೊಡ್ಡಮ್ಮ ನಲವತ್ತು ವರ್ಷದಿಂದ ಹುಳ ಮೇಯಿಸುತ್ತಿದ್ದಾರೆ. ಕೊನೆ ಕಂತು ಓದಿದ ದಿನ ಮನೆಗೇ ಬಂದರು. "ಯಾಕೆ ಹೇಳಲಿಲ್ಲ ಅಂತ ಅವಳು ಅವನನ್ನ ಕೇಳಲೇ ಇಲ್ಲವಲ್ಲೇ! ನಾನು ಕಾಯ್ತಾ ಇದ್ದಿದ್ದೇ ಅದಕ್ಕೆ. ನಾಲ್ಕನೇ ಜ್ವರ ಎದ್ದ ಮೇಲೆ ತಾನೇ ಹುಳ ಜಾಸ್ತಿ ಮೇಯೋದು? ಆಗಲೇ ಸೊಪ್ಪು ನಿಲ್ಲಿಸಿದ್ರೆ ಗೂಡು ತೆಳ್ಳಗಾಗಲ್ವಾ?" ಅಂದರು. ಹುಳ ಮೇಯುವುದು ಬಿಟ್ಟು ಪೊರೆ ಕಳಚುವುದಕ್ಕೇ ಜ್ವರ ಅನ್ನುವುದು. ಹುಳ ತನ್ನ ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗಿಂತ ಜಾಸ್ತಿ ತಿನ್ನುವುದು ಆ ಕೊನೆಯ ಒಂದು ವಾರದಲ್ಲೇ. ಈ ಮಾತು ಕೇಳಿಕೊಂಡೇ ಬೆಳೆದವಳು ನಾನು, ಆದರೆ ಕಥೆಯ ಕೊನೆ ಬರೆಯುವಾಗ ಅದು ನೆನಪಿಗೇ ಬರಲಿಲ್ಲ.

ಪತ್ರಿಕೆಯವರು ಯುಗಾದಿಗೆ ಹೊಸ ಧಾರಾವಾಹಿ ಶುರು ಮಾಡಬೇಕು, ಬೇಗ ಮುಗಿಸಿ ಎಂದಿದ್ದು ನಿಜ. ಆದರೆ ಅವಸರಕ್ಕೆ ಕಾರಣ ಅದೊಂದೇ ಅಲ್ಲ. ಅವಳು ಕೇಳಿದರೆ ಅವನು ಏನು ಹೇಳುತ್ತಾನೆ ಎನ್ನುವುದು ನನಗೇ ಗೊತ್ತಿರಲಿಲ್ಲ, ಅದಕ್ಕೇ ಅಪಘಾತ ತಂದು ಅವನ ಬಾಯಿ ಮುಚ್ಚಿಸಿದೆ.

ಹಾಗಾಗಿ ಪುಸ್ತಕ ಮಾಡೋಣ ಅಂತ ಕೂತಾಗ ಮೊದಲು ಬರೆದದ್ದು ಆ ಒಂದು ಮಾತುಕತೆಯನ್ನು. ಬೇರೆ ಏನೂ ಮುಟ್ಟಲಿಲ್ಲ. ಮೊದಲ ಸಲ ಅವನು ಬರೀ ಕ್ಷಮೆ ಕೇಳಿದ, ಅದು ಸಪ್ಪೆಯಾಯಿತು. ಎರಡನೇ ಸಲ ಉದ್ದುದ್ದ ಮಾತಾಡಿದ, ಅದು ನನ್ನ ಮಾತಾಯಿತು, ಅವನದಲ್ಲ. ಮೂರನೇ ಸಲ, ಗೂಡು ಹರಾಜಾಗಿ ಖಾಲಿಯಾದ ಮಾರುಕಟ್ಟೆಯಲ್ಲಿ ಚೀಲ ಮಡಚುತ್ತಾ, ಅವಳ ಮುಖ ನೋಡದೆ, "ನೀನು ನಿಮ್ಮಪ್ಪನ ಹತ್ರ ನಮ್ಮ ಸಾಲ ತೀರಿಸೋಕೆ ಹೇಳ್ತೀಯ ಅಂತ ಭಯ ಆಯ್ತು" ಎಂದ. ಬರೆಯುತ್ತಾ ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಸಿಗದೇ ಇದ್ದದ್ದು ಇದೇ.

ಅದು ಸಿಕ್ಕ ಮೇಲೆ ಅಪಘಾತ ಬೇಕಾಗಲೇ ಇಲ್ಲ, ತೆಗೆದೆ. ಆಮೇಲೆ ಮೊದಲಿಂದ ಎಲ್ಲ ಕಂತು ಓದಿ, ಓದುಗರಿಗೆ ಆಸೆ ಹುಟ್ಟಿಸಿ ಬಿಟ್ಟುಬಿಟ್ಟದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಏಳು ಸಿಕ್ಕವು. 9ನೇ ಕಂತಿನಲ್ಲಿ ಅವನ ತಂಗಿ ಕಾಲೇಜು ಬಿಡುವ ಮಾತಿತ್ತು, ಅದನ್ನು ಪೂರ್ತಿ ಮರೆತೇಬಿಟ್ಟಿದ್ದೆ. ಎರಡು ಸಣ್ಣವು, ಅವನ್ನು ಹಿಂದಿನ ಕಂತಿನಿಂದಲೇ ತೆಗೆದೆ. ಉಳಿದ ಐದಕ್ಕೆ ಜಾಗ ಮಾಡಿದೆ. ಕಥೆ ಈಗ 31 ಕಂತಿನಷ್ಟಾಗಿದೆ. ಮದುವೆ ಇಲ್ಲ, ಮದುವೆಗೆ ಮುಂಚಿನ ದಿನಕ್ಕೇ ನಿಲ್ಲುತ್ತದೆ.

ಹೋದ ವಾರ ದೊಡ್ಡಮ್ಮನ ಮನೆಯಲ್ಲಿ ಕೂತು ಕೊನೆಯ ಏಳು ಕಂತು ಗಟ್ಟಿಯಾಗಿ ಓದಿದೆ. ಮಾರುಕಟ್ಟೆಯ ಮಾತುಕತೆ ಬಂದಾಗ ಸೊಪ್ಪು ಬಿಡಿಸುವ ಕೈ ನಿಲ್ಲಿಸಿ ಕೇಳಿದರು. ಪೂರ್ತಿ ಮುಗಿದ ಮೇಲೆ, "ಅದು ಸರಿ ಹೋಯ್ತು. ಆದ್ರೆ ಅವಳಪ್ಪ ಈಗಲೂ ತುಂಬಾ ಬೇಗ ಒಪ್ಪಿಬಿಟ್ಟ ಕಣೇ" ಎಂದರು. 29ನೇ ಕಂತನ್ನು ಮತ್ತೆ ತೆಗೆದುಕೊಂಡು ಕೂತಿದ್ದೇನೆ.